ವೈದ್ಯನಿಗೆ ಕೃತಕ ಬುದ್ಧಿಮತ್ತೆಯ ಪಾಠ: ಮೊದಲು ರೋಗಿ, ಅನಂತರ ಯಂತ್ರ

ಕಳೆದ ಪುಷ್ಯ ಮಾಸದ ಒಂದು ಸೋಮವಾರ. ಹೊಸನಗರ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರಿಂದ ಸುಮಾರು ಮೂವತ್ತು ವರ್ಷದ ಗೃಹಿಣಿಯನ್ನು ಆಕೆಯ ಪತಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಮೂರು ದಿನಗಳಿಂದ ಜ್ವರ, ಸಹಿಸಲಾಗದ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಸೆಳೆತ. ನನ್ನ ಬಳಿ ಅನುಭವಕ್ಕೆಂದು ಬರುತ್ತಿರುವ ಕಿರಿಯ ವೈದ್ಯೆಯೊಬ್ಬರು ಈ ಲಕ್ಷಣಗಳನ್ನೆಲ್ಲ ತಮ್ಮ ಮೊಬೈಲಿನಲ್ಲಿದ್ದ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಇಂಗ್ಲಿಷಿನಲ್ಲಿ ಬರೆದು ಕೇಳಿದರು. ಕ್ಷಣಾರ್ಧದಲ್ಲಿ ಪಟ್ಟಿಯೊಂದು ಮೂಡಿತು: ಡೆಂಗಿ, ಇನ್‌ಫ್ಲುಯೆಂಜಾ, ಟೈಫಾಯ್ಡ್, ಮಲೇರಿಯಾ. "ಸರ್, ಡೆಂಗಿ ಇರಬಹುದು ಎನ್ನುತ್ತಿದೆ" ಎಂದರು.

ನಾನು ರೋಗಿಯ ಕಡೆ ತಿರುಗಿ, "ತಂಗೀ, ಈ ಎಂಟು ಹತ್ತು ದಿನದಲ್ಲಿ ಬೆಟ್ಟಕ್ಕೆ ಹೋಗಿದ್ದೆಯೇನಮ್ಮ?" ಎಂದು ಕೇಳಿದೆ.

"ಹೋಗಿದ್ದೆ ಡಾಕ್ಟ್ರೇ, ಕೊಟ್ಟಿಗೆಗೆ ದರಗು ತರೋಕೆ" ಎಂದಳು. ಪತಿ ಒಂದು ಮಾತು ಸೇರಿಸಿದರು: "ಅದೇ ದಿಕ್ಕಿನಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು ಅಂತ ಊರಲ್ಲಿ ಮಾತಾಡ್ತಿದ್ರು ಡಾಕ್ಟ್ರೇ."

ಮುಂದಿನದಕ್ಕೆ ಹೆಚ್ಚು ಯೋಚನೆ ಬೇಕಾಗಲಿಲ್ಲ. ಮಂಗನ ಕಾಯಿಲೆಯ ಶಂಕೆಯೆಂದು ಚೀಟಿ ಬರೆದು, ಅಂದೇ ರಕ್ತಪರೀಕ್ಷೆ ಹಾಗೂ ಒಳರೋಗಿ ಚಿಕಿತ್ಸೆಗಾಗಿ ದೊಡ್ಡ ಆಸ್ಪತ್ರೆಗೆ ಕಳುಹಿಸಿಕೊಟ್ಟೆವು. ಅವರು ಹೊರಟ ಮೇಲೆ ಕಿರಿಯ ವೈದ್ಯೆ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಯಂತ್ರಕ್ಕೆ ಕೇಳಿದರು. ಈ ಬಾರಿ ಶಿವಮೊಗ್ಗ ಜಿಲ್ಲೆ, ಕಾಡಿನಲ್ಲಿ ಒಣ ಎಲೆ ಗುಡಿಸಿದ್ದು, ಮಂಗ ಸತ್ತದ್ದು ಎಂಬ ಮೂರು ಸಂಗತಿಗಳನ್ನು ಸೇರಿಸಿದ್ದರು. ಪಟ್ಟಿಯ ಮೊದಲ ಹೆಸರೇ ಕ್ಯಾಸನೂರು ಕಾಡಿನ ಕಾಯಿಲೆ! ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಂತ್ರಕ್ಕೆ ಗೊತ್ತಿತ್ತು ಸರ್, ನಾನೇ ಕೇಳಿ ಹೇಳಲಿಲ್ಲ" ಎಂದರು.

ವೈದ್ಯರಿಗೂ ವೈದ್ಯ ವಿದ್ಯಾರ್ಥಿಗಳಿಗೂ ಕೃತಕ ಬುದ್ಧಿಮತ್ತೆಯನ್ನು ಕಲಿಸಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಕಲಿಸಲೇಬೇಕು ಎಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ಆ ಕಲಿಕೆ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ಆ ಸೋಮವಾರದ ಘಟನೆ ನನಗೆ ಸ್ಪಷ್ಟಪಡಿಸಿತು. ಈ ಲೇಖನದಲ್ಲಿ ಅದನ್ನೇ ಸದ್ಭಕ್ತರ ಮುಂದಿಡಲು ಪ್ರಯತ್ನಿಸುತ್ತೇನೆ.

ನನ್ನ ಒಂದು ತಪ್ಪು

ಆ ಕಿರಿಯ ವೈದ್ಯೆಯನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಕೂಲಿಕಾರ್ಮಿಕರೊಬ್ಬರು ಜ್ವರವೆಂದು ಬಂದಾಗ ನನ್ನ ಕೈಯಲ್ಲಿ ಯಾವ ಯಂತ್ರವೂ ಇರಲಿಲ್ಲ. ಮೂವತ್ತು ವರ್ಷಗಳಿಗೂ ಮೀರಿದ ಅನುಭವವಿತ್ತು. ಹೊರಗೆ ಸಾಲಾಗಿ ಕುಳಿತ ರೋಗಿಗಳ ಗಡಿಬಿಡಿಯಲ್ಲಿ ನಾಡಿ ನೋಡಿ, ನಾಲಿಗೆ ನೋಡಿ, ಸಾಧಾರಣ ಜ್ವರವೆಂದು ತಿಳಿದು ಮೂರು ದಿನ ಕಷಾಯ ಕೊಟ್ಟೆ. ಎಲ್ಲಿ ಕೆಲಸಕ್ಕೆ ಹೋಗಿದ್ದಿರಿ ಎಂದು ಕೇಳಲಿಲ್ಲ. ನಾಲ್ಕನೆಯ ದಿನ ಅವರ ಒಸಡಿನಲ್ಲಿ ರಕ್ತ ಕಾಣಿಸಿಕೊಂಡಿತು. ಆಸ್ಪತ್ರೆಗೆ ಸೇರಿ, ಹಲವು ವಾರ ನರಳಿ, ಅವರು ಬದುಕಿ ಬಂದರು. ಅದೇ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ಕಾಯಿಲೆ ಹಬ್ಬಿ ಹಲವರ ಪ್ರಾಣ ತೆಗೆದುಕೊಂಡದ್ದನ್ನು ನಮ್ಮ ಜನ ಮರೆತಿಲ್ಲ. ನಾನು ಕಳೆದ ಆ ಮೂರು ದಿನಗಳನ್ನು ನನಗೂ ಮರೆಯಲಾಗಿಲ್ಲ.

ಯಂತ್ರವಿಲ್ಲದ ವೈದ್ಯನೂ ಯಂತ್ರ ಹಿಡಿದ ವೈದ್ಯೆಯೂ ಬಿಟ್ಟದ್ದು ಒಂದೇ ಪ್ರಶ್ನೆಯನ್ನು. ಮಂಗನ ಕಾಯಿಲೆ ಲೋಕಕ್ಕೆ ತಿಳಿದದ್ದು 1957ರಲ್ಲಿ, ನಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ. ಕಾಡಿನಲ್ಲಿ ಮಂಗಗಳು ಸಾಯುತ್ತಿರುವುದಕ್ಕೂ ಊರಿನಲ್ಲಿ ಜ್ವರ ಬರುತ್ತಿರುವುದಕ್ಕೂ ಸಂಬಂಧವಿದೆಯೆಂದು ಹಳ್ಳಿಗರು ಆಗಲೇ ಕಂಡುಕೊಂಡಿದ್ದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ಜಾಡನ್ನೇ ಹಿಡಿದು ಹೊಸ ವೈರಾಣುವೊಂದನ್ನು ಗುರುತಿಸಿದರು. ಉಣುಗುಗಳ ಕಡಿತದಿಂದ ಅದು ಮನುಷ್ಯರಿಗೆ ತಗಲುತ್ತದೆಂಬುದೂ ಅನಂತರ ಸಿದ್ಧವಾಯಿತು. ಹೀಗೆ ರೋಗಿಯ ಮತ್ತು ಊರಿನವರ ಮಾತಿನಿಂದಲೇ ಪತ್ತೆಯಾದ ಕಾಯಿಲೆ ಇದು.

ಯಂತ್ರ ಕಲಿಯುವ ಬಗೆ

ಕೃತಕ ಬುದ್ಧಿಮತ್ತೆ ಎಂದರೇನು ಎಂಬುದನ್ನು ಸರಳವಾಗಿ ಹೇಳುವುದಾದರೆ, ಅಪಾರ ಪ್ರಮಾಣದ ಉದಾಹರಣೆಗಳನ್ನು ನೋಡಿ ಅವುಗಳಲ್ಲಿನ ಹೋಲಿಕೆಗಳನ್ನು ತಾನೇ ಗುರುತಿಸಿಕೊಳ್ಳುವ ಗಣಕ ವಿಧಾನ. ವೈದ್ಯಕೀಯದಲ್ಲಿ ಇದರ ಬಳಕೆಯ ಯತ್ನ ಹೊಸದೇನಲ್ಲ. 1970ರ ದಶಕದಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 'ಮೈಸಿನ್' ಎಂಬ ಗಣಕ ಕಾರ್ಯಕ್ರಮವನ್ನು ರಚಿಸಿದ್ದರು. ರಕ್ತದ ಸೋಂಕಿಗೆ ಯಾವ ಜೀವಿನಿರೋಧಕ ಸೂಕ್ತವೆಂದು ಅದು ಸೂಚಿಸುತ್ತಿತ್ತು. ತಜ್ಞರು ಹೇಳಿಕೊಟ್ಟ ನೂರಾರು ನಿಯಮಗಳೇ ಅದರ ಬಂಡವಾಳ. ಆದರೆ ಅದು ಆಸ್ಪತ್ರೆಗಳ ನಿತ್ಯದ ಬಳಕೆಗೆ ಬರಲೇ ಇಲ್ಲ.

ಇಂದಿನ ಯಂತ್ರಗಳು ನಿಯಮಗಳನ್ನು ಬಾಯಿಪಾಠ ಮಾಡುವುದಿಲ್ಲ, ಉದಾಹರಣೆಗಳಿಂದಲೇ ಕಲಿಯುತ್ತವೆ. 2016ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಮಧುಮೇಹಿಗಳ ಕಣ್ಣಿನ ಅಕ್ಷಿಪಟಲದ ಹಾನಿಯನ್ನು ಛಾಯಾಚಿತ್ರದಿಂದಲೇ ಗುರುತಿಸುವ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ಅದನ್ನು ಕಲಿಸಲು ಬಳಸಿದ ಚಿತ್ರಗಳ ಸಂಖ್ಯೆ 1,28,175. ಅಮೆರಿಕದ ಚಿತ್ರಗಳ ಜೊತೆಗೆ ನಮ್ಮ ದೇಶದ ಮೂರು ಕಣ್ಣಾಸ್ಪತ್ರೆಗಳ ಚಿತ್ರಗಳೂ ಅದರಲ್ಲಿದ್ದವು. ಆ ಮೂರರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ಕ್ಷಯರೋಗದ ತಪಾಸಣೆಯಲ್ಲಿ 15 ವರ್ಷ ಮೇಲ್ಪಟ್ಟವರ ಎದೆಯ ಎಕ್ಸ್‌ರೇಯನ್ನು ಯಂತ್ರದಿಂದ ಓದಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ ಕೋವಿಡ್ ಹಾವಳಿಯ ನಡುವೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದ ಆರ್ಟ್‌ಪಾರ್ಕ್ ಮತ್ತು ನಿರಾಮಯಿ ಸಂಸ್ಥೆಗಳು 'ಎಕ್ಸ್‌ರೇ ಸೇತು' ಎಂಬ ಸೇವೆಯನ್ನು ಆರಂಭಿಸಿದವು. ಹಳ್ಳಿಯ ವೈದ್ಯರು ಎಕ್ಸ್‌ರೇ ಹಾಳೆಯ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಯಂತ್ರ ಓದಿ ವರದಿ ಕೊಡುವ ಏರ್ಪಾಡು ಅದು. ಎಕ್ಸ್‌ರೇ ಓದುವ ತಜ್ಞರು ದೊರೆಯದ ಊರುಗಳಿಗೆ ಇಂಥ ಸಹಾಯ ಸಣ್ಣದಲ್ಲ.

ಎರಡನೆಯ ಬಗೆ, ಮಾತನಾಡುವ ಯಂತ್ರ. ಇದು ಕೋಟ್ಯಂತರ ಪುಟಗಳನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬರಬಹುದೆಂದು ಊಹಿಸಿ ವಾಕ್ಯ ಕಟ್ಟುತ್ತದೆ. ಆದುದರಿಂದ ಸರಿಯಾದ ಉತ್ತರವನ್ನೂ ತಪ್ಪು ಉತ್ತರವನ್ನೂ ಅದು ಒಂದೇ ನಿರರ್ಗಳತೆಯಿಂದ, ಒಂದೇ ವಿಶ್ವಾಸದಿಂದ ಹೇಳಬಲ್ಲದು. ಇಂದು ಬಹಳಷ್ಟು ವಿದ್ಯಾರ್ಥಿಗಳ ಜೇಬಿನಲ್ಲಿರುವುದು ಇದೇ. ಕಲಿಸಿದರೂ ಕಲಿಸದಿದ್ದರೂ ಅವರು ಬಳಸುತ್ತಿದ್ದಾರೆ. ಹಾಗಿರುವಾಗ ಕಲಿಸದೆ ಬಿಡುವುದು ಹಿರಿಯರ ಜವಾಬ್ದಾರಿಯಿಂದ ನುಣುಚಿಕೊಂಡಂತೆ.

ಯಂತ್ರಕ್ಕೆ ಯಾವ ಸ್ಥಾನ?

ಆಯುರ್ವೇದ ವಿದ್ಯಾರ್ಥಿಗಳು ಆರಂಭದಲ್ಲೇ ಕಲಿಯುವ ವಿಷಯಗಳಲ್ಲಿ ಚಿಕಿತ್ಸೆಯ ಚತುಷ್ಪಾದಗಳೂ ಸೇರಿವೆ. ಭಿಷಕ್, ದ್ರವ್ಯ, ಉಪಸ್ಥಾತ, ರೋಗಿ ಎಂಬ ನಾಲ್ಕು ಕಾಲುಗಳ ಮೇಲೆ ಚಿಕಿತ್ಸೆ ನಿಲ್ಲುತ್ತದೆಂದು ಚರಕ ಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಭಿಷಕ್ ಎಂದರೆ ವೈದ್ಯ, ದ್ರವ್ಯವೆಂದರೆ ಔಷಧ, ಉಪಸ್ಥಾತನೆಂದರೆ ಶುಶ್ರೂಷೆ ಮಾಡುವವನು. ವೈದ್ಯನಿಗೆ ಅಲ್ಲಿ ನಾಲ್ಕು ಗುಣಗಳನ್ನು ಹೇಳಿದೆ: ಶಾಸ್ತ್ರದ ಸ್ಪಷ್ಟ ಜ್ಞಾನ, ಬಹುಕಾಲದ ಪ್ರತ್ಯಕ್ಷ ಅನುಭವ, ಕೈಚಳಕ, ಶುಚಿತ್ವ.

ಕೃತಕ ಬುದ್ಧಿಮತ್ತೆ ಈ ನಾಲ್ಕರಲ್ಲಿ ಎಲ್ಲಿ ಸಲ್ಲುತ್ತದೆ? ನನ್ನ ದೃಷ್ಟಿಯಲ್ಲಿ ಅದು ದ್ರವ್ಯದ ಸಾಲಿಗೆ ಸೇರುತ್ತದೆ. ವೈದ್ಯನ ಕೈಯಲ್ಲಿರುವ ಒಂದು ಸಾಧನ ಅದು. ದ್ರವ್ಯವನ್ನು ಬಳಸುವ ಮುನ್ನ ನಾವು ಏನೇನು ವಿಚಾರಿಸುತ್ತೇವೆ? ಇದು ಎಲ್ಲಿ ಬೆಳೆದದ್ದು, ಯಾವ ಕಾಲದಲ್ಲಿ ಕಿತ್ತದ್ದು, ಹೆಸರಿಗೆ ತಕ್ಕ ಬೇರೇ ಹೌದೇ, ಇದರಲ್ಲಿ ಕಲಬೆರಕೆ ಇದೆಯೇ, ಈ ರೋಗಿಗೆ ಇದು ಯೋಗ್ಯವೇ? ಯಂತ್ರದ ಕುರಿತೂ ಇದೇ ಪ್ರಶ್ನೆಗಳನ್ನು ಕೇಳಲು ವಿದ್ಯಾರ್ಥಿಗೆ ಕಲಿಸಿದರೆ ಪಾಠದ ಬಹುಭಾಗ ಮುಗಿದಂತೆಯೇ. ಗುಂಡಿ ಒತ್ತುವುದನ್ನು ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ.

ಕಲಿಸಬೇಕಾದ ಐದು ಪಾಠಗಳು

ಮೊದಲನೆಯದು: ನಿನ್ನ ಅಭಿಪ್ರಾಯವನ್ನು ಮೊದಲು ಬರೆ. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಪರೀಕ್ಷೆಗಳನ್ನು ಮುಗಿಸಿ, ತನಗೆ ತೋಚಿದ ನಿದಾನವನ್ನು ಕಾಗದದ ಮೇಲೆ ದಾಖಲಿಸಿದ ಬಳಿಕವಷ್ಟೇ ಯಂತ್ರವನ್ನು ಕೇಳಬೇಕು. ಮೊದಲೇ ಕೇಳಿದರೆ ಕಣ್ಣು ಯಂತ್ರ ತೋರಿಸಿದ್ದನ್ನಷ್ಟೇ ಹುಡುಕುತ್ತದೆ. ಪೋಲೆಂಡ್ ದೇಶದ ನಾಲ್ಕು ಕೇಂದ್ರಗಳಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಚಾರದಲ್ಲಿ ಎಚ್ಚರಿಕೆ ನೀಡುತ್ತದೆ. ದೊಡ್ಡ ಕರುಳಿನ ಒಳಗನ್ನು ಕೊಳವೆ ಕ್ಯಾಮೆರಾದಿಂದ ನೋಡುವ ಅನುಭವಿ ವೈದ್ಯರಿಗೆ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳನ್ನು ತೋರಿಸಿಕೊಡುವ ಯಂತ್ರವನ್ನು ಒದಗಿಸಲಾಯಿತು. ಯಂತ್ರವನ್ನು ಬಳಸತೊಡಗುವ ಮುನ್ನ ಶೇ. 28.4ರಷ್ಟು ಪರೀಕ್ಷೆಗಳಲ್ಲಿ ಅಂಥ ಗಂಟುಗಳನ್ನು ಅವರು ಪತ್ತೆ ಮಾಡುತ್ತಿದ್ದರು. ಯಂತ್ರದ ಬಳಕೆ ರೂಢಿಗೆ ಬಂದ ಮೇಲೆ, ಯಂತ್ರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಆ ಪ್ರಮಾಣ ಶೇ. 22.4ಕ್ಕೆ ಇಳಿದಿತ್ತು. ಅನುಭವಿಗಳ ಪಾಡೇ ಹೀಗಾದರೆ, ಇನ್ನೂ ಕಣ್ಣು ಪಳಗದ ವಿದ್ಯಾರ್ಥಿಯ ಗತಿಯೇನು ಎಂದು ಯೋಚಿಸಬೇಕು. ಆಗುಂಬೆಯ ಕಡೆ ಮಳೆಗಾಲದಲ್ಲಿ ವಿದ್ಯುತ್ತೂ ಇಲ್ಲದೆ, ಮೊಬೈಲಿನ ಸಂಪರ್ಕವೂ ಇಲ್ಲದೆ ಕಳೆಯುವ ದಿನಗಳುಂಟು. ಆ ದಿನವೂ ರೋಗಿ ಬರುತ್ತಾನೆ.

ಎರಡನೆಯದು: ಯಂತ್ರ ಎಲ್ಲಿ ಕಲಿಯಿತು ಎಂದು ವಿಚಾರಿಸು. ಮೇಲೆ ಹೇಳಿದ ಕಣ್ಣಿನ ಯಂತ್ರವನ್ನು ಥಾಯ್ಲೆಂಡಿನ 11 ಚಿಕಿತ್ಸಾಲಯಗಳಿಗೆ ಒಯ್ದಾಗ, ಅಲ್ಲಿನ ದಾದಿಯರು ಮಂದ ಬೆಳಕಿನಲ್ಲಿ, ಅವಸರದಲ್ಲಿ ತೆಗೆದ ಚಿತ್ರಗಳಲ್ಲಿ ಶೇ. 21ರಷ್ಟನ್ನು ಓದಲಾಗದೆಂದು ಅದು ತಿರಸ್ಕರಿಸಿತು. ಪ್ರಯೋಗಾಲಯದಲ್ಲಿ ಗೆದ್ದದ್ದು ಹಳ್ಳಿಯ ಕೋಣೆಯಲ್ಲಿ ತೊಡರಿತು. ನಮ್ಮ ಸೀಮೆಯ ಮತ್ತೊಂದು ಉದಾಹರಣೆ ಹಂದಿಗೋಡು ಕಾಯಿಲೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟ ಮತ್ತು ಮಂಡಿಯ ಕೀಲುಗಳನ್ನು ಸವೆಸಿ ಕೆಲವು ಬಡ ಕುಟುಂಬಗಳನ್ನು ತಲೆತಲಾಂತರದಿಂದ ಕಾಡುತ್ತಿರುವ ಆನುವಂಶಿಕ ರೋಗವದು. ಇಂಥ ರೋಗದ ಚಿತ್ರಗಳು ದೂರದೇಶದ ದತ್ತಾಂಶದಲ್ಲಿ ಎಷ್ಟಿರಲು ಸಾಧ್ಯ? ಯಂತ್ರ ಅದನ್ನು ಕೇವಲ ಸಂಧಿವಾತವೆಂದು ಓದಿದರೆ ಆಶ್ಚರ್ಯವಿಲ್ಲ. ಸ್ಥಳೀಯ ವೈದ್ಯನ ಜ್ಞಾನ ಅಲ್ಲಿ ಅನಿವಾರ್ಯ.

ಇದಕ್ಕೆ ಪ್ರತಿಯಾಗಿ, ಸ್ಥಳೀಯರನ್ನು ಕೇಳಿ ಕಟ್ಟಿದ ಗಣಕ ಮಾದರಿ ಎಷ್ಟು ಉಪಯುಕ್ತವಾಗಬಲ್ಲದೆಂಬುದಕ್ಕೂ ನಮ್ಮಲ್ಲೇ ನಿದರ್ಶನವಿದೆ. ಬ್ರಿಟನ್ನಿನ ಪರಿಸರ ವಿಜ್ಞಾನಿಗಳು ಬೆಂಗಳೂರಿನ ಏಟ್ರೀ ಮುಂತಾದ ಸಂಸ್ಥೆಗಳೊಡನೆ ಮತ್ತು ನಮ್ಮ ರಾಜ್ಯದ ಆರೋಗ್ಯ ಇಲಾಖೆಯೊಡನೆ ಕೂಡಿ ಮಂಗನ ಕಾಯಿಲೆಯ ಅಪಾಯದ ನಕ್ಷೆಯನ್ನು ಸಿದ್ಧಪಡಿಸಿದರು. ಅದು 2020ರಲ್ಲಿ ಪ್ರಕಟವಾಯಿತು. ಕಾಡು, ಆರೋಗ್ಯ, ಪಶುವೈದ್ಯ ಕ್ಷೇತ್ರಗಳಲ್ಲಿ ದುಡಿಯುವವರ ತಿಳಿವಳಿಕೆಯನ್ನು ಮಾದರಿಯೊಳಗೆ ಸೇರಿಸಿಕೊಂಡಿದ್ದರು. ನಿತ್ಯಹರಿದ್ವರ್ಣದ ಕಾಡೂ ತೋಟಗಳೂ ಬೆರೆತ, ನಾಟಿ ದನಗಳು ಹೆಚ್ಚಾಗಿರುವ ಪ್ರದೇಶಗಳಲ್ಲಿ ಅಪಾಯ ಅಧಿಕವೆಂದು ಅದು ತೋರಿಸಿತು. ಸೊಪ್ಪಿನಬೆಟ್ಟ, ಅಡಿಕೆ ತೋಟ, ಕೊಟ್ಟಿಗೆ ಒಂದಕ್ಕೊಂದು ಅಂಟಿಕೊಂಡಿರುವ ನಮ್ಮ ಊರುಗಳ ಚಿತ್ರವೇ ಅಲ್ಲವೇ ಅದು!

ಮೂರನೆಯದು: ರೋಗಿಯ ಮಾತನ್ನು ಕೆಡಿಸಬೇಡ. ನಮ್ಮ ಕಡೆಯ ರೋಗಿ "ಉಷ್ಣ ಆಗಿದೆ" ಎಂದರೆ ಜ್ವರವೆಂದೇ ಅರ್ಥವಲ್ಲ. ಅದು ಉರಿಮೂತ್ರವಿರಬಹುದು, ಬಾಯಿಹುಣ್ಣಿರಬಹುದು, ಮೂಲವ್ಯಾಧಿಯ ರಕ್ತಸ್ರಾವವೂ ಇರಬಹುದು. "ಸರ್ಪಸುತ್ತು" ಎಂಬುದನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿದರೆ ಹಾವಿನ ಕಥೆಯಾಗುತ್ತದೆಯೇ ಹೊರತು ನರದ ಗುಂಟ ಏಳುವ ಗುಳ್ಳೆಯ ರೋಗವಾಗುವುದಿಲ್ಲ. ಗಿಡಮೂಲಿಕೆಗಳ ಹೆಸರಿನಲ್ಲಂತೂ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ಅನೇಕರು ಒಂದೆಲಗವನ್ನು ಬ್ರಾಹ್ಮಿ ಎನ್ನುತ್ತಾರೆ, ನೀರುಬ್ರಾಹ್ಮಿಯೂ ಬ್ರಾಹ್ಮಿಯೇ. ಇವೆರಡೂ ಬೇರೆ ಬೇರೆ ಸಸ್ಯಗಳು. ಬ್ರಾಹ್ಮಿ ಎಂದಷ್ಟೇ ಬರೆದು ಯಂತ್ರವನ್ನು ಕೇಳಿದ ವಿದ್ಯಾರ್ಥಿಗೆ ಒಂದರ ಗುಣ ಮತ್ತೊಂದರ ಪ್ರಮಾಣ ಬೆರೆತ ಉತ್ತರ ಬಂದದ್ದನ್ನು ನಾನೇ ನೋಡಿದ್ದೇನೆ. ಸಸ್ಯಶಾಸ್ತ್ರೀಯ ಹೆಸರನ್ನು ಕೊಟ್ಟು ಕೇಳಿದಾಗ ಗೊಂದಲ ನಿವಾರಣೆಯಾಯಿತು.

ನಾಲ್ಕನೆಯದು: ಮೂಲಗ್ರಂಥವನ್ನು ತೆರೆದು ನೋಡು. ಒಮ್ಮೆ ಒಬ್ಬ ವಿದ್ಯಾರ್ಥಿ ಚರಕ ಸಂಹಿತೆಯದೆಂದು ಶ್ಲೋಕವೊಂದನ್ನು, ಸ್ಥಾನ, ಅಧ್ಯಾಯ, ಸಂಖ್ಯೆಗಳ ಸಮೇತ, ಯಂತ್ರದಿಂದ ಪಡೆದು ತಂದಿದ್ದ. ಛಂದಸ್ಸು ಸರಿಯಾಗಿತ್ತು, ಅರ್ಥವೂ ಒಪ್ಪುವಂತಿತ್ತು. ಕಪಾಟಿನಿಂದ ಗ್ರಂಥ ತೆಗೆದು ನೋಡಿದರೆ ಆ ಸ್ಥಳದಲ್ಲಿದ್ದ ಶ್ಲೋಕವೇ ಬೇರೆ. ಯಂತ್ರ ತಾನೇ ಒಂದನ್ನು ಕಟ್ಟಿ ಆಚಾರ್ಯರ ಹೆಸರಿಗೆ ಹಚ್ಚಿತ್ತು! ಆಧುನಿಕ ವೈದ್ಯಕೀಯ ನಿಯತಕಾಲಿಕೆಗಳ ಲೇಖನಗಳ ಹೆಸರನ್ನೂ ಅದು ಇದೇ ರೀತಿ ಸೃಷ್ಟಿಸುವುದುಂಟು. ಯಂತ್ರದಿಂದ ಪಡೆದ ಪ್ರತಿಯೊಂದು ಪ್ರಮಾಣವಚನವನ್ನೂ, ಔಷಧದ ಪ್ರತಿಯೊಂದು ಅಳತೆಯನ್ನೂ ಮೂಲದಲ್ಲಿ ಪರಿಶೀಲಿಸದೆ ಬಳಸಬಾರದೆಂಬುದು ಪರೀಕ್ಷೆಯಲ್ಲಿ ಅಂಕವಿಟ್ಟು ಕಲಿಸಬೇಕಾದ ಪಾಠ.

ಐದನೆಯದು: ಗುಟ್ಟನ್ನು ಕಾಪಾಡು, ಹೊಣೆಯನ್ನು ಹೊರು. ರೋಗಿಯ ಹೆಸರು, ಊರು, ದೂರವಾಣಿ ಸಂಖ್ಯೆ, ಮುಖ ಕಾಣುವ ಚಿತ್ರ ಇವನ್ನು ಸಾರ್ವಜನಿಕ ತಂತ್ರಾಂಶಕ್ಕೆ ಹಾಕಿದರೆ ಅವು ನಮ್ಮ ಕೈತಪ್ಪಿ ಹೋದಂತೆಯೇ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ನಮ್ಮ ದೇಶದಲ್ಲಿ 2023ರಲ್ಲಿ ಕಾನೂನೇ ಬಂದಿದೆ. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಆರೋಗ್ಯ ಕ್ಷೇತ್ರದ ಕೃತಕ ಬುದ್ಧಿಮತ್ತೆಗೆ ನೈತಿಕ ಮಾರ್ಗಸೂಚಿಗಳನ್ನು ಹೊರಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರು ತತ್ತ್ವಗಳನ್ನು ಮುಂದಿಟ್ಟು, 2024ರಲ್ಲಿ ಮಾತನಾಡುವ ಯಂತ್ರಗಳನ್ನು ಕುರಿತೇ ಪ್ರತ್ಯೇಕ ಮಾರ್ಗದರ್ಶನ ನೀಡಿದೆ. ಮನುಷ್ಯನ ನಿರ್ಧಾರವೇ ಮೇಲಿರಬೇಕು, ಹೊಣೆ ಯಾರದೆಂಬುದು ಸ್ಪಷ್ಟವಾಗಿರಬೇಕು ಎಂಬುದು ಆ ತತ್ತ್ವಗಳಲ್ಲಿ ಮುಖ್ಯವಾದದ್ದು. "ತಕ್ಷಣ ಆಸ್ಪತ್ರೆಗೆ ಸೇರಿಸಿ" ಎಂದು ಹೇಳುವುದು ಯಂತ್ರಕ್ಕೆ ಸುಲಭ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯುವವರೆಗೆ, ತುಮರಿ ಕಡೆಯ ರೋಗಿಗೆ ಶರಾವತಿ ಹಿನ್ನೀರನ್ನು ದಾಟಲು ಲಾಂಚ್ ಹೊರಡುವ ಹೊತ್ತನ್ನು ಲೆಕ್ಕ ಹಾಕಬೇಕಾಗಿತ್ತು. ಅದನ್ನೆಲ್ಲ ಬಲ್ಲವನು ಎದುರಿಗೆ ಕುಳಿತ ವೈದ್ಯ. ಚೀಟಿಯ ಕೆಳಗೆ ಸಹಿ ಹಾಕುವವನೂ ಅವನೇ.

ಹಿರಿಯರೂ ಕಲಿಯಬೇಕು

ಇಷ್ಟನ್ನು ಓದಿದವರಿಗೆ ನಾನು ಯಂತ್ರದ ವಿರೋಧಿಯೆಂದು ತೋರಬಹುದು. ಹಾಗಲ್ಲ. ತೀರ್ಥಹಳ್ಳಿ ಕಡೆಯ ವೃದ್ಧರೊಬ್ಬರಿಗೆ ಒಣಕೆಮ್ಮು ಹೆಚ್ಚಾಗಿತ್ತು. ನಾನು ಎಂದಿನಂತೆ ಯಷ್ಟಿಮಧು, ಅಂದರೆ ಜ್ಯೇಷ್ಠಮಧು ಪ್ರಧಾನವಾದ ಔಷಧವನ್ನು ಬರೆದೆ. ಅವರು ರಕ್ತದೊತ್ತಡಕ್ಕಾಗಿ ಹೆಚ್ಚು ಮೂತ್ರ ಹೋಗಿಸುವ ಇಂಗ್ಲಿಷ್ ಮಾತ್ರೆಯನ್ನು ನಿತ್ಯ ಸೇವಿಸುತ್ತಿದ್ದರು. ಕಿರಿಯ ವೈದ್ಯೆ ತಮ್ಮ ಅಭಿಪ್ರಾಯವನ್ನು ಬರೆದಿಟ್ಟು, ರೋಗಿಯ ಹೆಸರನ್ನು ಬಿಟ್ಟು, ಎರಡೂ ಔಷಧಗಳನ್ನು ಯಂತ್ರಕ್ಕೆ ತಿಳಿಸಿ ಕೇಳಿದರು. ಜ್ಯೇಷ್ಠಮಧು ರಕ್ತದೊತ್ತಡವನ್ನು ಏರಿಸಬಹುದು, ದೇಹದ ಪೊಟ್ಯಾಸಿಯಂ ಅಂಶವನ್ನು ತಗ್ಗಿಸಬಹುದು, ಆ ಮಾತ್ರೆಯೊಡನೆ ಸೇರಿದರೆ ಅಪಾಯ ಹೆಚ್ಚು ಎಂದು ಅದು ಎಚ್ಚರಿಸಿತು. ಪುಸ್ತಕ ತೆಗೆದು ನೋಡಿದೆವು, ಮಾತು ನಿಜವಾಗಿತ್ತು. ನಾನು ಚೀಟಿಯನ್ನು ಬದಲಿಸಿದೆ. ಅರವತ್ತು ದಾಟಿದ ಮೇಲೆ ಕಿರಿಯರೆದುರು ಬರೆದದ್ದನ್ನು ಹೊಡೆದುಹಾಕುವುದು ಮೊದಮೊದಲು ಕಷ್ಟವೆನಿಸುತ್ತದೆ. ಆದರೆ ಆ ವೃದ್ಧರ ಹೃದಯಕ್ಕಿಂತ ನನ್ನ ಮರ್ಯಾದೆ ದೊಡ್ಡದಲ್ಲ.

ಅಂದಿನಿಂದ ನಾವು ಕೆಲವರು ವೈದ್ಯರು, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯವರು, ಆಯುರ್ವೇದದವರೂ ಅಲೋಪಥಿಯವರೂ, ತಿಂಗಳಿಗೊಮ್ಮೆ ಶನಿವಾರ ಸಂಜೆ ಒಂದೆಡೆ ಸೇರುತ್ತಿದ್ದೇವೆ. ಹೆಸರು ತೆಗೆದ ಒಂದು ರೋಗಿಯ ವಿವರವನ್ನು ಒಬ್ಬರು ಓದುತ್ತಾರೆ. ಪ್ರತಿಯೊಬ್ಬರೂ ಮೂರು ಸಾಧ್ಯತೆಗಳನ್ನು ಬರೆಯುತ್ತೇವೆ. ಇನ್ನೇನು ಕೇಳಬೇಕಿತ್ತು ಎಂಬುದನ್ನೂ ಬರೆಯುತ್ತೇವೆ. ಆ ಬಳಿಕ ಯಂತ್ರವನ್ನು ಕೇಳುತ್ತೇವೆ. ಅದು ಕಂಡದ್ದನ್ನು ನಾವು ಕಾಣದಿದ್ದರೆ ಏಕೆ, ನಾವು ಕಂಡದ್ದನ್ನು ಅದು ಕಾಣದಿದ್ದರೆ ಏಕೆ ಎಂದು ಚರ್ಚಿಸುತ್ತೇವೆ. ಕಿರಿಯರು ನಮಗೆ ಯಂತ್ರವನ್ನು ಕಲಿಸುತ್ತಾರೆ, ನಾವು ಅವರಿಗೆ ಪ್ರಶ್ನೆ ಕೇಳುವುದನ್ನು ಕಲಿಸುತ್ತೇವೆ. ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ, ಅನುದಾನ ಬೇಕಿಲ್ಲ. ವೈದ್ಯ ಕಾಲೇಜುಗಳಲ್ಲಿ ಇಂಥ ಕೂಟಗಳು ಅಂತಿಮ ವರ್ಷದ ವಿದ್ಯಾರ್ಥಿಗಳಿಗೂ ಗೃಹವೈದ್ಯರಿಗೂ ಕಡ್ಡಾಯವಾದರೆ ಒಳ್ಳೆಯದು. ಮೊದಲ ವರ್ಷಗಳಲ್ಲಿ ಮಾತ್ರ ರೋಗಿಯ ಹಾಸಿಗೆಯ ಬಳಿ ಯಂತ್ರವಿಲ್ಲದೆಯೇ ಕಲಿಯಲಿ. ಕಣ್ಣು, ಕೈ, ಕಿವಿ ಮೊದಲು ಪಳಗಲಿ. ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನವರಿಗೆ ವೈದ್ಯವೇ ಕಾಯಕವಾಗಿತ್ತು. ಉಪಕರಣ ಬದಲಾದರೂ ಕಾಯಕ ಮಾಡುವವನ ಎಚ್ಚರ ಬದಲಾಗಬಾರದು.

ಸದ್ಭಕ್ತರಲ್ಲಿ ಕೆಲವು ವಿನಂತಿಗಳು

ಮೊಬೈಲಿನಲ್ಲಿ ಲಕ್ಷಣಗಳನ್ನು ಹಾಕಿ ರೋಗ ತಿಳಿಯುವ ಅಭ್ಯಾಸ ಈಗ ನಮ್ಮ ಮನೆಗಳಿಗೂ ಬಂದಿದೆ. ತಿಳಿದುಕೊಳ್ಳುವುದು ತಪ್ಪಲ್ಲ. ಆದರೆ ಅದರ ಮಾತಿನ ಮೇಲೆ ಔಷಧ ಆರಂಭಿಸುವುದಾಗಲಿ, ನಡೆಯುತ್ತಿರುವ ಔಷಧ ನಿಲ್ಲಿಸುವುದಾಗಲಿ ಬೇಡ.

ವೈದ್ಯರ ಬಳಿ ಹೋದಾಗ ಅವರು ಕೇಳದಿದ್ದರೂ ನಾಲ್ಕು ಸಂಗತಿಗಳನ್ನು ತಾವಾಗಿಯೇ ಹೇಳಿರಿ: ಕಳೆದ ಎರಡು ವಾರಗಳಲ್ಲಿ ಎಲ್ಲಿಗೆ ಹೋಗಿದ್ದಿರಿ, ಯಾವ ಕೆಲಸ ಮಾಡಿದ್ದಿರಿ, ಅಂದರೆ ದರಗು ಗುಡಿಸಿದ್ದು, ಕೆಸರುಗದ್ದೆಗೆ ಇಳಿದದ್ದು, ತೋಟಕ್ಕೆ ಔಷಧಿ ಹೊಡೆದದ್ದು, ಮನೆಯಲ್ಲಿ, ನೆರೆಯಲ್ಲಿ ಯಾರಿಗಾದರೂ ಇಂಥದೇ ಜ್ವರವಿದೆಯೇ, ಈಗಾಗಲೇ ಯಾವ ಮಾತ್ರೆ, ಕಷಾಯ, ಲೇಹ್ಯ ಸೇವಿಸುತ್ತಿದ್ದೀರಿ. ಕೆಸರಿಗೆ ಇಳಿದವರ ಜ್ವರ ಇಲಿಜ್ವರವೂ ಇರಬಹುದಾದ್ದರಿಂದ ಈ ಮಾಹಿತಿ ಬಹಳ ಮುಖ್ಯ.

ಮಂಗನ ಕಾಯಿಲೆಯ ಕಾಲ ಸಾಮಾನ್ಯವಾಗಿ ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಮೇ ತಿಂಗಳವರೆಗೆ ಇರುತ್ತದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ರೋಗ ತಗಲಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಅಸುನೀಗುವಷ್ಟು ಇದು ಗಂಭೀರ. ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ಬೇಗ ಪತ್ತೆಯಾಗಿ ಆಸ್ಪತ್ರೆಯಲ್ಲಿ ಆರೈಕೆ ದೊರೆತರೆ ಬಹುಪಾಲು ಜನ ಗುಣಹೊಂದುತ್ತಾರೆ. ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿರಿ, ಮೈತುಂಬ ಬಟ್ಟೆ ಧರಿಸಿರಿ, ಮರಳಿದ ಕೂಡಲೇ ಬಿಸಿನೀರು ಮತ್ತು ಸಾಬೂನಿನಿಂದ ಸ್ನಾನ ಮಾಡಿರಿ. ಸತ್ತ ಮಂಗ ಕಂಡರೆ ಮುಟ್ಟದೆ, ಆ ಜಾಗಕ್ಕೆ ಹೋಗದೆ, ಆಶಾ ಕಾರ್ಯಕರ್ತೆಯರಿಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಜ್ವರ ಬಂದಾಗ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿರಿ; ಕೆಲವು ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ನನ್ನಂತಹ ಆಯುರ್ವೇದ ವೈದ್ಯನ ಕಷಾಯವನ್ನೇ ನಂಬಿ ಮನೆಯಲ್ಲಿ ಉಳಿಯುವುದೂ ಬೇಡವೆಂದು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ.

ವೈದ್ಯರು ಮೊಬೈಲು ನೋಡಿದರೆಂದು ಅವರ ಮೇಲೆ ಅವಿಶ್ವಾಸ ಪಡಬೇಕಿಲ್ಲ. ಮೊದಲು ನಿಮ್ಮ ಮುಖ ನೋಡಿ, ನಿಮ್ಮ ಮಾತು ಕೇಳಿ, ಅನಂತರ ನೋಡಿದರೋ ಎಂಬುದನ್ನಷ್ಟೇ ಗಮನಿಸಿರಿ. ಹಾಗಾಗದಿದ್ದರೆ, "ಡಾಕ್ಟ್ರೇ, ಇನ್ನೊಂದು ವಿಷಯ ಹೇಳೋದಿತ್ತು" ಎನ್ನಲು ಸಂಕೋಚಪಡಬೇಡ.

ಆ ಗೃಹಿಣಿಯ ರಕ್ತದಲ್ಲಿ ಮಂಗನ ಕಾಯಿಲೆಯ ವೈರಾಣು ಇದ್ದುದು ಪರೀಕ್ಷೆಯಲ್ಲಿ ಖಚಿತವಾಯಿತು. ಎರಡು ವಾರಗಳ ಆಸ್ಪತ್ರೆವಾಸದ ಬಳಿಕ ಮನೆಗೆ ಮರಳಿ, ಶಿವರಾತ್ರಿ ಕಳೆದ ಮೇಲೆ ಪತಿಯೊಡನೆ ನಮ್ಮಲ್ಲಿಗೆ ಬಂದಿದ್ದಳು. ಇನ್ನೂ ನಿಶ್ಶಕ್ತಿಯಿತ್ತು, ಆದರೆ ನಡೆದುಕೊಂಡೇ ಒಳಗೆ ಬಂದಳು. ಕಿರಿಯ ವೈದ್ಯೆ ಮೊಬೈಲನ್ನು ಮೇಜಿನ ಖಾನೆಯಲ್ಲಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಹೇಗಿದ್ದೀರಿ ಅಕ್ಕಾ? ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರ ಬಂತೇ?" ಎಂದು ವಿಚಾರಿಸತೊಡಗಿದರು. ಅವರ ಹೊಸ ಟಿಪ್ಪಣಿ ಪುಸ್ತಕದಲ್ಲಿ ರೋಗಲಕ್ಷಣಗಳ ಅಂಕಣಕ್ಕಿಂತ ಮೊದಲು ಮತ್ತೊಂದು ಅಂಕಣವನ್ನು ಗೆರೆ ಎಳೆದು ಸೇರಿಸಿದ್ದರು. ಅದರ ತಲೆಯ ಮೇಲೆ ಕನ್ನಡದಲ್ಲಿ ಬರೆದಿತ್ತು: ಎಲ್ಲಿಗೆ ಹೋಗಿದ್ದರು?